‘ಕನಸಲ್ಲಿ ನೀನಿದ್ದೆ, ನಿಂಗ್ಯಾಕೆ ಗೊತ್ತಿಲ್ಲ?’

ಪ್ರಶ್ನೆ: ನನ್ನ ಮಗಳಿಗೆ 3 ವರ್ಷ 4 ತಿಂಗಳು. ಎದ್ದಾಗಿನಿಂದ ಮಲಗುವವರೆಗೂ ಪ್ರಶ್ನೆ. ಮಳೆ ಯಾಕೆ ಬರುತ್ತೆ, ಇರುವೆ ಎಲ್ಲಿ ಮಲಗುತ್ತೆ, ನೆರಳು ಯಾಕೆ ನನ್ನ ಹಿಂದೇನೇ ಬರುತ್ತೆ. ಉತ್ತರ ಕೊಟ್ಟರೆ ಅದಕ್ಕೂ ‘ಯಾಕೆ?’. ಮೊದಮೊದಲು ಖುಷಿಯಾಗುತ್ತಿತ್ತು. ಈಗ ಸಂಜೆಯ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತದೆ. ಮೊನ್ನೆ ‘ಬಾಯಿ ಮುಚ್ಚು’ ಎಂದು ಗದರಿಬಿಟ್ಟೆ. ಅವಳ ಮುಖ ನೋಡಿ ಆಮೇಲೆ ನಾನೇ ಅತ್ತುಬಿಟ್ಟೆ.

ಹೋದ ವಾರ ಇನ್ನೊಂದು ಶುರುವಾಯಿತು. ಬೆಳಿಗ್ಗೆ ಎದ್ದವಳು ನನ್ನ ಹತ್ತಿರ ಬರಲೇ ಇಲ್ಲ. ‘ನಿನ್ನೆ ನೀನು ನನ್ನ ಬಿಟ್ಟು ಬಸ್ ಹತ್ತಿ ಹೋದೆ’ ಎಂದು ಮುನಿಸಿಕೊಂಡಳು. ನಾವು ಎಲ್ಲಿಗೂ ಹೋಗಿರಲಿಲ್ಲ. ‘ಅದು ಕನಸು ಪುಟ್ಟಾ’ ಎಂದರೆ ‘ಇಲ್ಲ, ನೀನು ಹೋದೆ, ನಾನು ನೋಡಿದೆ’ ಎಂದು ಅತ್ತಳು. ಸಂಜೆ ಅವಳೇ ಬಂದು ಕೇಳಿದಳು, ‘ಕನಸಲ್ಲಿ ನೀನಿದ್ದೆ, ನಿಂಗ್ಯಾಕೆ ಗೊತ್ತಿಲ್ಲ?’ ನನಗೆ ಉತ್ತರ ಹೊಳೆಯಲಿಲ್ಲ. ಮನೆಯ ಹಿರಿಯರು ‘ಈಗಲೇ ಸುಳ್ಳು ಹೇಳೋದು ಕಲಿತಿದ್ದಾಳೆ, ತಿದ್ದು’ ಅನ್ನುತ್ತಾರೆ. ಕೆಲವು ರಾತ್ರಿ ಮಲಗಿದ ಒಂದೆರಡು ಗಂಟೆಯಲ್ಲೇ ಕಿರುಚಿ ಎದ್ದು ಕೂರುತ್ತಾಳೆ. ಕಣ್ಣು ತೆರೆದಿರುತ್ತದೆ, ಆದರೆ ನನ್ನ ಗುರುತೇ ಸಿಗುವುದಿಲ್ಲ. ಇದೆಲ್ಲ ಸಹಜವಾ? ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ. ಮೊದಲು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಸುಳ್ಳು ಹೇಳಬೇಕಾದರೆ ನಡೆದದ್ದು ಬೇರೆ ಎಂದು ಗೊತ್ತಿರಬೇಕು. ಗೊತ್ತಿದ್ದೂ ಎದುರಿಗಿರುವವರನ್ನು ನಂಬಿಸಬೇಕು ಅನ್ನಿಸಬೇಕು. ಅವಳು ಹಾಗೆ ಮಾಡುತ್ತಿಲ್ಲ. ತಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಾಳೆ. ನೀವು ಬಸ್ ಹತ್ತಿ ಹೋದದ್ದನ್ನು ಅವಳು ನೋಡಿದ್ದಾಳೆ. ನೋಡಿ ಹೆದರಿದ್ದಾಳೆ, ನೊಂದಿದ್ದಾಳೆ. ಆ ನೋಟವೂ ನಿಜ, ಹೆದರಿಕೆಯೂ ನಿಜ. ಬಸ್ಸು ಮಾತ್ರ ಇರಲಿಲ್ಲ.

ಕಂಡದ್ದು ಬೇರೆ, ನಡೆದದ್ದು ಬೇರೆ. ಈ ಎರಡರ ನಡುವಿನ ಗೆರೆ ನಮಗೆ ಎಷ್ಟು ಸಲೀಸಾಗಿದೆ ಎಂದರೆ, ಇದನ್ನೂ ಒಂದು ಕಾಲದಲ್ಲಿ ಕಲಿತೆವು ಅನ್ನುವುದೇ ಮರೆತುಹೋಗಿದೆ. ನೀವೇ ನೆನಪಿಸಿಕೊಳ್ಳಿ. ಕೆಟ್ಟ ಕನಸು ಕಂಡು ಎದ್ದಾಗ ಒಂದು ಕ್ಷಣ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಆಮೇಲೆ ಕೈಗೆ ಹೊದಿಕೆ ಸಿಗುತ್ತದೆ, ಪಕ್ಕದಲ್ಲಿ ಮಲಗಿದವರ ಉಸಿರು ಕೇಳುತ್ತದೆ. ‘ಓ, ಕನಸು’ ಅಂದುಕೊಂಡು ಮಗ್ಗುಲು ಬದಲಿಸುತ್ತೀರಿ. ಆ ಒಂದು ಕ್ಷಣದಲ್ಲಿ ನಿಮ್ಮ ಮನಸ್ಸು ದೊಡ್ಡ ಕೆಲಸ ಮಾಡಿ ಮುಗಿಸಿರುತ್ತದೆ. ನಾನು ಈಗ ಎಲ್ಲಿದ್ದೇನೆ, ಆಗ ಎಲ್ಲಿದ್ದೆ, ನಡುವೆ ಏನಾಯಿತು ಎಂದು ತಾಳೆ ನೋಡಿರುತ್ತದೆ. ನೆನಪುಗಳು ‘ನಾನು ಹೊರಗಿನದು’, ‘ನಾನು ಒಳಗಿನದು’ ಎಂದು ಮೊಹರು ಹಾಕಿಸಿಕೊಂಡು ಬರುವುದಿಲ್ಲ. ಯಾವುದು ಎಲ್ಲಿಂದ ಬಂತು ಎಂದು ಪ್ರತಿ ಸಲ ನಾವೇ ಪತ್ತೆ ಮಾಡಬೇಕು. 3 ವರ್ಷದ ಮಗುವಿಗೆ ಈ ಪತ್ತೆ ಕೆಲಸ ಈಗಷ್ಟೇ ಕೈಗೆ ಹತ್ತುತ್ತಿದೆ.

ಬೆಳಗಿನ ಹೊತ್ತಿನಲ್ಲೇ ಈ ಗೊಂದಲ ಜಾಸ್ತಿ ಆಗುವುದಕ್ಕೂ ಕಾರಣ ಇದೆ. ನಿದ್ದೆಯಲ್ಲಿ ಬೇರೆ ಬೇರೆ ಹಂತಗಳಿವೆ. 1953ರಲ್ಲಿ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ಒಂದು ವಿಶೇಷ ಹಂತವನ್ನು ಗುರುತಿಸಿ ಪ್ರಕಟಿಸಿದರು. ಆಗ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆಗಳು ಬೇಗ ಬೇಗ ಓಡಾಡುತ್ತಿರುತ್ತವೆ. ಇದನ್ನೇ ರೆಮ್ ನಿದ್ದೆ ಅನ್ನುತ್ತೇವೆ. ಬಣ್ಣ, ಜನ, ಭಾವನೆ ತುಂಬಿದ ಕನಸುಗಳು ಹೆಚ್ಚಾಗಿ ಬರುವುದು ಇದರಲ್ಲೇ. ಈ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲಿ ಜಾಸ್ತಿ ಇರುತ್ತದೆ. ಅಂದರೆ ನಿಮ್ಮ ಮಗಳು ಬಸ್ಸಿನ ಪಕ್ಕದಿಂದ ನೇರವಾಗಿ ಹಾಸಿಗೆಗೆ ಬಂದಿದ್ದಾಳೆ. ಕಣ್ಣು ಬಿಟ್ಟಾಗ ನೀವು ನಗುತ್ತಾ ನಿಂತಿದ್ದೀರಿ. ಅವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಅವಳ ‘ನಿನ್ನೆ’ಯನ್ನೂ ನಮ್ಮ ‘ನಿನ್ನೆ’ ಅಂದುಕೊಳ್ಳಬೇಡಿ. ಈ ವಯಸ್ಸಿನ ಮಕ್ಕಳಿಗೆ ಹಿಂದೆ ಆಗಿದ್ದೆಲ್ಲ ನಿನ್ನೆ. ಹೋದ ತಿಂಗಳದ್ದೂ ನಿನ್ನೆ, ಈಗ ಎದ್ದ ಕನಸೂ ನಿನ್ನೆ. ಜೊತೆಗೆ ನಮ್ಮ ಭಾಷೆಯನ್ನು ಅವಳ ಕಿವಿಯಿಂದ ಒಮ್ಮೆ ಕೇಳಿ ನೋಡಿ. ಕನಸು ‘ಬಿತ್ತು’ ಅನ್ನುತ್ತೇವೆ. ಕನಸು ‘ಕಂಡೆ’ ಅನ್ನುತ್ತೇವೆ. ‘ಕನಸಲ್ಲಿ ಅಜ್ಜಿ ಬಂದಿದ್ದಳು’ ಅನ್ನುತ್ತೇವೆ. ಬೀಳುವ ವಸ್ತು ಎಲ್ಲಿಂದಲೋ ಬೀಳಬೇಕು. ಕಾಣುವ ವಸ್ತು ಕಣ್ಣ ಮುಂದೆ ಇರಬೇಕು. ಬಂದವರು ಬಾಗಿಲಿನಿಂದ ಬಂದಿರಬೇಕು. ಅವಳು ನಮ್ಮ ಮಾತನ್ನು ನಂಬಿದ್ದಾಳೆ, ಅಷ್ಟೇ.

ಸುಮಾರು 100 ವರ್ಷಗಳ ಹಿಂದೆ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳನ್ನು ಕೂರಿಸಿಕೊಂಡು ಇದನ್ನೇ ಕೇಳಿದರು. ಕನಸು ಎಲ್ಲಿಂದ ಬರುತ್ತದೆ? ಕನಸು ಕಾಣುವಾಗ ಅದು ಎಲ್ಲಿರುತ್ತದೆ? ಚಿಕ್ಕ ಮಕ್ಕಳು ಹೊರಗಿನಿಂದ ಬರುತ್ತದೆ, ಕೋಣೆಯಲ್ಲಿ ಇರುತ್ತದೆ ಎಂದರು. ಸ್ವಲ್ಪ ದೊಡ್ಡವರು ತಲೆಯಿಂದ ಬರುತ್ತದೆ, ಆದರೆ ಇರುವುದು ಕಣ್ಣ ಮುಂದೆಯೇ ಎಂದರು. ಎಲ್ಲವೂ ಒಳಗೇ ನಡೆಯುತ್ತದೆ ಎಂದವರು ಇನ್ನೂ ದೊಡ್ಡವರು. ಪಿಯಾಜೆ ಚಿಕ್ಕ ಮಕ್ಕಳ ತಿಳಿವಳಿಕೆಯನ್ನು ಸ್ವಲ್ಪ ಕಡಿಮೆಯೇ ಅಂದಾಜು ಮಾಡಿದ್ದರು. 1990ರ ದಶಕದಲ್ಲಿ ಜಾಕ್ವೆಲಿನ್ ವೂಲಿ ಮತ್ತು ಹೆನ್ರಿ ವೆಲ್‌ಮನ್ ಇನ್ನೂ ಸರಳವಾಗಿ ಕೇಳಿ ನೋಡಿದಾಗ, ಕನಸಿನ ವಸ್ತು ನಿಜವಾದ ವಸ್ತುವಿನ ಹಾಗಲ್ಲ ಎಂಬುದು 3 ವರ್ಷದವರಿಗೂ ಸಾಕಷ್ಟು ಗೊತ್ತಿದೆ ಎಂದು ಕಂಡುಬಂತು.

ಹಾಗಾದರೆ ನಿಮ್ಮ ಮಗಳು ಯಾಕೆ ಒಪ್ಪಲಿಲ್ಲ? ಸಮಾಧಾನವಾಗಿ ಕೂತು ಕೇಳಿದಾಗ ಗೊತ್ತಿರುವುದು, ಎದೆ ಹೊಡೆದುಕೊಳ್ಳುವಾಗ ನೆನಪಿಗೆ ಬರುವುದಿಲ್ಲ. ನಮಗೂ ಹಾಗೇ ಅಲ್ವಾ? ಅದಕ್ಕೇ ಬೆಳಿಗ್ಗೆ ಅತ್ತವಳು ಸಂಜೆ ತಾನಾಗಿ ‘ಕನಸಲ್ಲಿ’ ಅಂದಳು. ನೀವು ಗಮನಿಸಿದಿರಾ? ನೀವು ಹೇಳಿದ್ದು ಅವಳ ಒಳಗೆ ಇಡೀ ದಿನ ಕೆಲಸ ಮಾಡಿದೆ.

ಇನ್ನು ಬೆಳಿಗ್ಗೆ ಏನು ಹೇಳಬೇಕು ಎಂಬುದು. ‘ಅದು ಕನಸು’ ಎಂದು ನೀವು ಹೇಳಿದ್ದು ಸರಿಯೇ, ಆದರೆ ಸ್ವಲ್ಪ ಬೇಗ ಹೇಳಿದಿರಿ. ಮೊದಲು ಅವಳ ಪಕ್ಕ ಕೂತುಕೊಳ್ಳಿ. ‘ನಾನು ಬಿಟ್ಟು ಹೋದ ಹಾಗೆ ಕಾಣಿಸ್ತಾ? ತುಂಬಾ ಭಯ ಆಗಿರಬೇಕು’ ಅನ್ನಿ. ಅಪ್ಪಿಕೊಳ್ಳಲು ಬಿಟ್ಟರೆ ಅಪ್ಪಿಕೊಳ್ಳಿ. ಅಳು ಇಳಿದ ಮೇಲೆ, ‘ಅದು ನಿದ್ದೆಯಲ್ಲಿ ಕಂಡದ್ದು. ನಾನು ರಾತ್ರಿಯೆಲ್ಲ ಇಲ್ಲೇ ನಿನ್ನ ಪಕ್ಕದಲ್ಲೇ ಮಲಗಿದ್ದೆ. ನೋಡು, ನನ್ನ ದಿಂಬು ಇಲ್ಲೇ ಇದೆ’ ಅನ್ನಿ. ದಿಂಬು ಮುಟ್ಟಿಸಿ. ಅಷ್ಟು ಸಾಕು. ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ. ‘ನಿನಗೆ ಹಾಗೆ ಕಂಡಿತು, ನಾನು ಇಲ್ಲೇ ಇದ್ದೆ’ ಎಂದು ಇನ್ನೊಂದು ಸಲ ಹೇಳಿ ಹಲ್ಲುಜ್ಜಿಸಲು ಎತ್ತಿಕೊಂಡು ಹೋಗಿ.

‘ಸಾರಿ, ಇನ್ನು ಮೇಲೆ ಬಿಟ್ಟು ಹೋಗಲ್ಲ’ ಎಂದು ಮಾತ್ರ ಹೇಳಬೇಡಿ. ಅಳು ನಿಲ್ಲಿಸಲು ತುಂಬಾ ಜನ ಹೀಗೆ ಹೇಳುತ್ತಾರೆ, ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕ್ಷಮೆ ಕೇಳಿದರೆ ನೀವು ನಿಜವಾಗಿಯೂ ಹೋಗಿದ್ದಿರಿ ಎಂದಾಯಿತು.

ಇನ್ನೊಂದು ಎಚ್ಚರಿಕೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರೀತಿ ಇರುವ ತಂದೆ ತಾಯಿಯರೇ ಹೆಚ್ಚಾಗಿ ಇಲ್ಲಿ ಎಡವುತ್ತಾರೆ. ಕನಸನ್ನು ಕೆದಕಿ ಕೆದಕಿ ಕೇಳಬೇಡಿ. ‘ಬಸ್ಸು ಯಾವ ಬಣ್ಣ? ನಾನು ಏನು ಹಾಕ್ಕೊಂಡಿದ್ದೆ? ನೀನು ಅತ್ತೆಯಾ? ಯಾರಾದರೂ ನಿನ್ನ ಎತ್ಕೊಂಡ್ರಾ?’ ಎಂದು ಕೇಳುತ್ತಾ ಹೋದರೆ ಅವಳು ಎಲ್ಲದಕ್ಕೂ ಉತ್ತರ ಕೊಡುತ್ತಾಳೆ. ಆ ಉತ್ತರಗಳು ಕನಸಿನಿಂದ ಬಂದವಲ್ಲ, ನಿಮ್ಮ ಪ್ರಶ್ನೆಯಿಂದ ಹುಟ್ಟಿದವು. ಡೇವಿಡ್ ಫೋಲ್ಕ್ಸ್ ಎಂಬ ಸಂಶೋಧಕರು ಚಿಕ್ಕ ಮಕ್ಕಳನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ರೆಮ್ ನಿದ್ದೆಯ ನಡುವೆ ಎಬ್ಬಿಸಿ ಏನು ಕಂಡಿರಿ ಎಂದು ಕೇಳಿದ್ದರು. ಶಾಲೆಗೆ ಸೇರುವ ಮುಂಚಿನ ವಯಸ್ಸಿನವರು ತುಂಬಾ ಸಲ ‘ಏನೂ ಇಲ್ಲ’ ಎಂದರು. ಹೇಳಿದಾಗಲೂ ಅದು ಒಂದು ಚಿಕ್ಕ, ಅಲುಗಾಡದ ಚಿತ್ರ. ಒಂದು ಪ್ರಾಣಿ ನಿಂತಿತ್ತು ಅನ್ನುವ ಹಾಗೆ. ಉದ್ದ ಕತೆ ಇರುವ ಕನಸುಗಳು ಬೆಳೆಯುತ್ತಾ ಬರುತ್ತವೆ. ನಿಮ್ಮ ಮಗಳು ಕಂಡದ್ದೂ ಬಹುಶಃ ಒಂದೇ ಚಿತ್ರ. ನಿಮ್ಮ ಬೆನ್ನು, ಒಂದು ಬಸ್ಸು. ಉಳಿದದ್ದು ಹೇಳುತ್ತಾ ಹೇಳುತ್ತಾ ಸೇರಿಕೊಂಡದ್ದು ಇರಬಹುದು.

ಪ್ರಶ್ನೆಯಿಂದಲೇ ನೆನಪು ಹುಟ್ಟಬಲ್ಲದು ಎಂದು ತೋರಿಸಿದ ಒಂದು ಪ್ರಯೋಗ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 1994ರಲ್ಲಿ ಸ್ಟೀಫನ್ ಸೀಸಿ ಮತ್ತು ಅವರ ಜೊತೆಗಾರರು ಪ್ರಕಟಿಸಿದ್ದು. ಪುಟ್ಟ ಮಕ್ಕಳಿಗೆ ನಡೆದೇ ಇಲ್ಲದ ಘಟನೆಯ ಬಗ್ಗೆ ವಾರ ವಾರವೂ ಕೇಳಿದರು. ‘ಇಲಿ ಬೋನಿಗೆ ನಿನ್ನ ಬೆರಳು ಸಿಕ್ಕಿಕೊಂಡು ಆಸ್ಪತ್ರೆಗೆ ಹೋಗಿದ್ದು ನೆನಪಿದೆಯಾ, ಯೋಚಿಸಿ ಹೇಳು’ ಅನ್ನುವ ಹಾಗೆ. 10 ವಾರಗಳ ಕೊನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಇಂಥ ಒಂದಾದರೂ ಘಟನೆಯನ್ನು ನಡೆದದ್ದೇ ಎಂಬಂತೆ ವಿವರವಾಗಿ ಹೇಳಿದರು. ಅವರೂ ಸುಳ್ಳು ಹೇಳುತ್ತಿರಲಿಲ್ಲ. ಪದೇ ಪದೇ ಮನಸ್ಸಿನಲ್ಲಿ ಚಿತ್ರ ಬರೆದುಕೊಂಡು, ಆ ಚಿತ್ರ ಎಲ್ಲಿಂದ ಬಂತು ಎಂಬುದನ್ನು ಕಳೆದುಕೊಂಡಿದ್ದರು. ಅದಕ್ಕೇ ನನ್ನ ಸಲಹೆ ಇಷ್ಟು. ‘ಏನಾಯ್ತು, ಹೇಳು’ ಎಂದು ಒಮ್ಮೆ ಕೇಳಿ. ಹೇಳಿದಷ್ಟು ಕೇಳಿಸಿಕೊಳ್ಳಿ. ಮನೆಗೆ ಬಂದವರ ಮುಂದೆಲ್ಲ ‘ಆ ಬಸ್ಸಿನ ಕತೆ ಹೇಳು ಪುಟ್ಟಾ’ ಎಂದು ಹೇಳಿಸಬೇಡಿ.

ಇದಕ್ಕೆ ಹೊಂದಿಕೊಂಡ ಒಂದು ಗಂಭೀರ ವಿಷಯ. ‘ಅದು ಕನಸು’ ಎಂಬ ಮಾತನ್ನು ಎಲ್ಲದಕ್ಕೂ ಬಳಸಬೇಡಿ. ಹಗಲು ಹೊತ್ತಿನಲ್ಲಿ, ಎಚ್ಚರವಿರುವಾಗ, ಯಾರೋ ಹೊಡೆದರು, ನೋವು ಮಾಡಿದರು, ಮುಟ್ಟಬಾರದ ಕಡೆ ಮುಟ್ಟಿದರು ಎಂದು ಮಗು ಹೇಳಿದರೆ ಅದನ್ನು ಕನಸು ಎಂದು ತಳ್ಳಿಹಾಕಲೇಬಾರದು. ಶಾಂತವಾಗಿ ಕೇಳಿಸಿಕೊಳ್ಳಿ. ಅವಳ ಮಾತನ್ನು ಅವಳ ಶಬ್ದಗಳಲ್ಲೇ ಬರೆದಿಡಿ. ಬಾಯಿಗೆ ಮಾತು ತುರುಕಬೇಡಿ. ತಡ ಮಾಡದೆ ಮಕ್ಕಳ ವೈದ್ಯರನ್ನು ಅಥವಾ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ನೋಡಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಆದರೂ ಈ ವಿಷಯ ಬರೆಯುವಾಗ ಇದನ್ನು ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ರಾತ್ರಿಯ ಕಿರುಚಾಟ ಕನಸಿಗಿಂತ ಬೇರೆ. ನೀವು ಬರೆದಿರುವ ಲಕ್ಷಣಗಳೇ ಹೇಳುತ್ತವೆ. ಮಲಗಿದ ಒಂದೆರಡು ಗಂಟೆಯಲ್ಲಿ ಬರುತ್ತದೆ, ಕಣ್ಣು ತೆರೆದಿರುತ್ತದೆ, ಗುರುತು ಸಿಗುವುದಿಲ್ಲ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಇರುತ್ತದೆ. ಅದರಿಂದ ಮಗು ಅರ್ಧ ಮಾತ್ರ ಎಚ್ಚರವಾದಾಗ ಹೀಗಾಗುತ್ತದೆ. ಬೆವರು ಬರಬಹುದು, ಎದೆಬಡಿತ ಜೋರಾಗಬಹುದು, ಹಿಡಿಯಲು ಹೋದರೆ ತಳ್ಳಬಹುದು. ನೋಡುವವರಿಗೆ ಜೀವ ಹೋದ ಹಾಗಾಗುತ್ತದೆ. ಮಗುವಿಗೆ ಮಾತ್ರ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಆಗ ಅಲುಗಾಡಿಸಿ ಎಬ್ಬಿಸಬೇಡಿ. ಬೀಳದ ಹಾಗೆ, ತಲೆ ಬಡಿಯದ ಹಾಗೆ ಪಕ್ಕದಲ್ಲಿರಿ. ಕೆಲವು ನಿಮಿಷಗಳಲ್ಲಿ ತಾನೇ ಮಲಗುತ್ತಾಳೆ. ಬೆಳಿಗ್ಗೆ ‘ರಾತ್ರಿ ಯಾಕೆ ಕಿರುಚಿದೆ?’ ಎಂದು ಕೇಳಬೇಡಿ. ಕೆಟ್ಟ ಕನಸು ಹಾಗಲ್ಲ. ಅದು ರಾತ್ರಿಯ ಕೊನೆಯ ಭಾಗದಲ್ಲಿ ಬರುತ್ತದೆ. ಮಗು ಪೂರ್ತಿ ಎಚ್ಚರವಾಗಿ, ನಿಮ್ಮನ್ನು ಗುರುತಿಸಿ, ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ. ಆಗ ನೀವು ಎತ್ತಿಕೊಂಡು ಸಮಾಧಾನ ಮಾಡಲೇಬೇಕು.

ನಿದ್ದೆ ಸಾಲದಿದ್ದಾಗ, ಜ್ವರ ಬಂದಾಗ ಈ ಕಿರುಚಾಟ ಜಾಸ್ತಿ. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲು ಮಲಗುವುದನ್ನು ಇತ್ತೀಚೆಗೆ ಬಿಟ್ಟಿದ್ದಾಳಾ ನೋಡಿ. ಬಿಟ್ಟಿದ್ದರೆ ರಾತ್ರಿ ಅರ್ಧ ಗಂಟೆ ಬೇಗ ಮಲಗಿಸಿ. ಒಂದೇ ರಾತ್ರಿ ಹಲವು ಸಲ ಆದರೆ, ಕೈಕಾಲು ಸೆಟೆದುಕೊಂಡರೆ ಅಥವಾ ಒಂದೇ ರೀತಿ ಅದುರಿದರೆ, ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತ ಹಾಗೆ ಕಂಡರೆ ವೈದ್ಯರಿಗೆ ತೋರಿಸಿ. ಫೋನಿನಲ್ಲಿ ಒಂದು ವಿಡಿಯೊ ತೆಗೆದುಕೊಂಡು ಹೋದರೆ ಅವರಿಗೆ ತುಂಬಾ ಸಹಾಯವಾಗುತ್ತದೆ.

ಈಗ ಆ ‘ಯಾಕೆ’ಗಳಿಗೆ ಬರೋಣ. ಇದು ಬೇರೆ ಸಮಸ್ಯೆ ಎಂದು ನೀವು ಬರೆದಿದ್ದೀರಿ. ನನಗೆ ಎರಡೂ ಒಂದೇ ಅನ್ನಿಸುತ್ತದೆ. ಇರುವೆ ಎಲ್ಲಿ ಮಲಗುತ್ತೆ ಎಂದು ಕೇಳುವವಳು, ನೆರಳು ಯಾಕೆ ಹಿಂದೆ ಬರುತ್ತೆ ಎಂದು ಕೇಳುವವಳು, ಕನಸಿನ ಬಗ್ಗೆ ಕೇಳುವವಳು ಒಬ್ಬಳೇ. ನೆರಳು ಕಾಣುತ್ತದೆ, ಹಿಡಿಯಲು ಸಿಗುವುದಿಲ್ಲ. ಕನಸೂ ಹಾಗೇ. ಯಾವುದು ಎಷ್ಟು ನಿಜ ಎಂದು ಅವಳು ಲೋಕವನ್ನೆಲ್ಲ ವಿಂಗಡಿಸಿಕೊಳ್ಳುತ್ತಿದ್ದಾಳೆ. ಅದಕ್ಕೆ ಅವಳ ಹತ್ತಿರ ಇರುವ ಸಾಧನ ಒಂದೇ. ನಿಮ್ಮನ್ನು ಕೇಳುವುದು.

2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವು ಪುಟ್ಟ ಮಕ್ಕಳು ಮನೆಯಲ್ಲಿ ದೊಡ್ಡವರ ಜೊತೆ ಆಡಿದ ಮಾತುಗಳ ದಾಖಲೆಯನ್ನು ಎಣಿಸಿ ನೋಡಿದ್ದರು. ಗಂಟೆಗೆ ಸರಾಸರಿ 100ಕ್ಕೂ ಜಾಸ್ತಿ ಪ್ರಶ್ನೆಗಳು. ನಿಮ್ಮ ತಲೆ ಚಿಟ್ಟು ಹಿಡಿಯುವುದರಲ್ಲಿ ತಪ್ಪೇನೂ ಇಲ್ಲ. ಒಂದು ಸಲ ಗದರಿದ್ದಕ್ಕೆ ಅವಳ ಕುತೂಹಲ ಸತ್ತುಹೋಗುವುದೂ ಇಲ್ಲ. ‘ಆವತ್ತು ನಂಗೆ ತುಂಬಾ ಸುಸ್ತಾಗಿತ್ತು, ಕೂಗಿಬಿಟ್ಟೆ, ತಪ್ಪಾಯ್ತು’ ಎಂದು ಹೇಳಿ. ಇಲ್ಲಿ ಕ್ಷಮೆ ಕೇಳಬೇಕು, ಯಾಕೆಂದರೆ ಇದು ನಡೆದದ್ದು.

‘ಯಾಕೆ’ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ 2009ರ ಇನ್ನೊಂದು ಅಧ್ಯಯನದಲ್ಲಿ ಒಳ್ಳೆಯ ಸುಳಿವಿದೆ. ದೊಡ್ಡವರು ಕಾರಣ ವಿವರಿಸಿದಾಗ ಮಕ್ಕಳು ತಲೆದೂಗಿದರು, ಅಥವಾ ಅದರ ಮುಂದಿನ ಪ್ರಶ್ನೆ ಕೇಳಿದರು. ಕಾರಣವೇ ಇಲ್ಲದ ಉತ್ತರ ಕೊಟ್ಟಾಗ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಅಂದರೆ ‘ಅದು ಹಾಗೇ’, ‘ಸುಮ್ನೆ’ ಎಂಬ ಉತ್ತರಗಳು ಪ್ರಶ್ನೆಯನ್ನು ಕಡಿಮೆ ಮಾಡುವುದಿಲ್ಲ. ಒಂದು ಚಿಕ್ಕ, ನಿಜವಾದ ಕಾರಣ ಸಾಕು. ‘ನೆರಳು ಯಾಕೆ ಬರುತ್ತೆ?’ ‘ಬೆಳಕು ನಿನ್ನ ಮೇಲೆ ಬಿದ್ದು ಅಲ್ಲೇ ನಿಂತುಬಿಡುತ್ತೆ, ಹಿಂದೆ ಹೋಗಲ್ಲ. ಅದಕ್ಕೆ ಅಲ್ಲಿ ಕತ್ತಲೆ.’ ನಿಮಗೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ‘ನಿಂಗೇನು ಅನ್ಸುತ್ತೆ?’ ಎಂದು ತಿರುಗಿ ಕೇಳುವುದೂ ಒಳ್ಳೆಯದು, ಆದರೆ ನಿಜವಾಗಿ ಕೇಳಬೇಕೆನಿಸಿದಾಗ ಮಾತ್ರ. ತಪ್ಪಿಸಿಕೊಳ್ಳಲು ಕೇಳಿದರೆ ಅವಳಿಗೆ ಗೊತ್ತಾಗುತ್ತದೆ.

ಎಲ್ಲ ‘ಯಾಕೆ’ಗೂ ಕಾರಣ ಬೇಕಿರುವುದಿಲ್ಲ ಎಂಬುದನ್ನೂ ನೆನಪಿಡಿ. ದೀಪ ಆರಿಸಿದ ಮೇಲೆ ಬರುವ ಹತ್ತು ಪ್ರಶ್ನೆಗಳ ಅರ್ಥ ‘ಇನ್ನೂ ಸ್ವಲ್ಪ ಹೊತ್ತು ಇರು’ ಎಂದು. ಅದಕ್ಕೆ ಮಳೆಯ ವಿವರಣೆ ಬೇಡ, ಬೆನ್ನ ಮೇಲೆ ಕೈ ಸಾಕು. ‘ಇನ್ನೊಂದು ಪ್ರಶ್ನೆ, ಆಮೇಲೆ ಉಳಿದದ್ದು ಬೆಳಿಗ್ಗೆ’ ಎಂದು ಹೇಳಬಹುದು. ಬೆಳಿಗ್ಗೆ ಮರೆಯದೆ ನೀವೇ ಕೇಳಿ, ‘ರಾತ್ರಿ ಏನೋ ಕೇಳ್ತಿದ್ದೆಯಲ್ಲ?’ ಎಂದು. ನೀವು ಮಾತು ಉಳಿಸಿಕೊಳ್ಳುತ್ತೀರಿ ಎಂದು ಗೊತ್ತಾದರೆ ಅವಳಿಗೆ ಕಾಯುವುದು ಸುಲಭವಾಗುತ್ತದೆ.

ಭೂತ ಓಡಿಸುವ ನೀರು ಚಿಮುಕಿಸುವುದು, ಮಂಚದ ಕೆಳಗೆ ಕೋಲಾಡಿಸಿ ‘ಹೋಯ್ತು’ ಅನ್ನುವುದು, ಇಂಥ ಉಪಾಯಗಳನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಅವು ಇಷ್ಟವಿಲ್ಲ. 1991ರಲ್ಲಿ ಪಾಲ್ ಹ್ಯಾರಿಸ್ ಮತ್ತು ಜೊತೆಗಾರರು 4ರಿಂದ 6 ವರ್ಷದ ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿ, ಅದರೊಳಗೆ ಒಂದು ಪ್ರಾಣಿ ಇದೆ ಎಂದು ಕಲ್ಪಿಸಿಕೊಳ್ಳಲು ಹೇಳಿದರು. ಪೆಟ್ಟಿಗೆ ಖಾಲಿ ಎಂದು ಮಕ್ಕಳಿಗೆ ಗೊತ್ತಿತ್ತು, ಬಾಯಿ ಬಿಟ್ಟು ಹಾಗೇ ಹೇಳಿಯೂ ಇದ್ದರು. ಆದರೂ ಅದು ಭಯಂಕರ ಪ್ರಾಣಿ ಎಂದು ಕಲ್ಪಿಸಿಕೊಂಡಿದ್ದ ಕೆಲವರಿಗೆ, ದೊಡ್ಡವರು ಹೊರಗೆ ಹೋಗುತ್ತೇನೆ ಎಂದಾಗ ಹೆದರಿಕೆಯಾಯಿತು. ಗೊತ್ತಿದ್ದೂ ‘ಅಕಸ್ಮಾತ್ ಇದ್ದರೆ?’ ಅನ್ನಿಸುವ ವಯಸ್ಸು ಇದು. ಅಂಥ ಹೊತ್ತಿನಲ್ಲಿ ನೀವೇ ನೀರು ಚಿಮುಕಿಸಿದರೆ ‘ಇದೆ’ ಎಂದು ಒಪ್ಪಿದ ಹಾಗಾಗುತ್ತದೆ. ಚಿಕ್ಕ ದೀಪ ಹಚ್ಚಿಡಿ, ಬಾಗಿಲು ತೆರೆದಿಡಿ, ಕರೆದರೆ ಬನ್ನಿ.

ಕೊನೆಗೆ ನಿಮಗೆ ಉತ್ತರ ಹೊಳೆಯದ ಆ ಪ್ರಶ್ನೆ. ಕನಸು ಕೋಣೆಯಲ್ಲಿ, ಕಣ್ಣ ಮುಂದೆ ನಡೆದಿದ್ದರೆ, ಅದೇ ಕೋಣೆಯಲ್ಲಿದ್ದ ನಿಮಗೂ ಕಾಣಬೇಕಿತ್ತು. ಅಷ್ಟೇ ಅಲ್ಲ, ಅದರೊಳಗೆ ನೀವೇ ಇದ್ದಿರಿ. ಆದರೂ ನಿಮಗೆ ಗೊತ್ತಿಲ್ಲ. ಅವಳ ಯೋಚನೆಯಲ್ಲಿ ಎಲ್ಲೂ ತಪ್ಪಿಲ್ಲ. ಅಮ್ಮನಿಗೆ ಕಾಣದ್ದು ನನಗೆ ಕಾಣುತ್ತದೆ ಎಂಬ ದೊಡ್ಡ ಸಂಗತಿಯ ಹೊಸ್ತಿಲಲ್ಲಿ ಅವಳು ನಿಂತಿದ್ದಾಳೆ. ಈ ಪ್ರಶ್ನೆಯನ್ನು ಓದಿ ನನಗೆ ತುಂಬಾ ಸಂತೋಷವಾಯಿತು.

ಹಗಲು ಹೊತ್ತಿನಲ್ಲಿ, ಅವಳು ಸಮಾಧಾನವಾಗಿರುವಾಗ ಒಂದು ಆಟ ಆಡಿ. ಇಬ್ಬರೂ ಕಣ್ಣು ಮುಚ್ಚಿ. ‘ಒಂದು ಬೆಕ್ಕು ನೆನೆಸ್ಕೋ’ ಅನ್ನಿ. ‘ನಿನ್ನ ಬೆಕ್ಕು ಯಾವ ಬಣ್ಣ?’ ಎಂದು ಕೇಳಿ. ಅವಳು ಬಿಳಿ ಎಂದರೆ, ‘ನನ್ನದು ಕರಿ’ ಅನ್ನಿ. ‘ನಿನ್ನ ಬೆಕ್ಕು ನಂಗೆ ಕಾಣಲ್ಲ, ನನ್ನ ಬೆಕ್ಕು ನಿಂಗೆ ಕಾಣಲ್ಲ. ಕಣ್ಣು ಬಿಟ್ಟು ನೋಡು, ಇಲ್ಲಿ ಬೆಕ್ಕು ಇದೆಯಾ?’ ಅವಳು ಸುತ್ತಲೂ ನೋಡುತ್ತಾಳೆ. ಆಗ ಹೇಳಿ, ‘ಕನಸೂ ಹೀಗೇ. ನೀನು ಮಲಗಿದಾಗ ನಿನ್ನ ತಲೆ ಒಳಗೆ ಚಿತ್ರ ಬರುತ್ತೆ. ಅವತ್ತು ನನ್ನ ಚಿತ್ರ ಬಂದಿತ್ತು. ಬಸ್ ಹತ್ತಿ ಹೋದದ್ದು ಆ ಚಿತ್ರ. ನಾನು ಇಲ್ಲೇ ಇದ್ದೆ.’

ಅವಳು ಮುಂದಿನ ಪ್ರಶ್ನೆ ಕೇಳುತ್ತಾಳೆ. ‘ತಲೆ ಒಳಗೆ ಹೇಗೆ ಬಂತು?’ ಎಂದಿರಬಹುದು. ‘ಹಗಲಲ್ಲಿ ನೀನು ನೋಡಿದ್ದನ್ನೆಲ್ಲ ನಿನ್ನ ತಲೆ ಇಟ್ಕೊಂಡಿರುತ್ತೆ. ರಾತ್ರಿ ಅದನ್ನೆಲ್ಲ ಕಲಸಿ ಹೊಸ ಚಿತ್ರ ಮಾಡುತ್ತೆ’ ಅನ್ನಿ. ಅದಕ್ಕೂ ‘ಯಾಕೆ?’ ಎಂದರೆ, ವಿಜ್ಞಾನಿಗಳೂ ಇನ್ನೂ ಅದನ್ನೇ ಕೇಳುತ್ತಿದ್ದಾರೆ ಎಂದು ಧೈರ್ಯವಾಗಿ ಹೇಳಿ. ಅದು ನಿಜ.